ಡುಲ್ಸಿನ್ ತೋರಿಸಿದ ದಂತದ ಮೂರ್ತಿ

ಬನ್ನಂಜೆಯಲ್ಲಿ ಮದುಮಗಳ ಗೌನ್ ಹೊಲಿಸಬೇಕೆಂದರೆ ನಮ್ಮ ಕ್ರೈಸ್ತ ಮನೆಗಳವರು ಮೊದಲು ಹೇಳುವ ಹೆಸರು ಡುಲ್ಸಿನ್. ಅವಳೇ ಉಡುಪಿಯ ವಾರಪತ್ರಿಕೆಯೊಂದಕ್ಕೆ ಧಾರಾವಾಹಿ ಬರೆಯುತ್ತಿದ್ದವಳು ಎಂಬುದು ಅವರಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಹಗಲು ಲೇಸು ಹಚ್ಚುತ್ತಾ ಮನಸ್ಸಿನಲ್ಲೇ ಕಥೆ ಕಟ್ಟುವಳು, ಅಂಗಡಿ ಮುಚ್ಚಿದ ಮೇಲೆ ಬರೆಯುವಳು. ತಂದೆ ತೀರಿಕೊಂಡಾಗ ತಮ್ಮ ವಿಲ್ಫ್ರೆಡ್ ಶಾಲೆಗೆ ಹೋಗುತ್ತಿದ್ದ. ಅವನನ್ನು ಓದಿಸಿ, ಮಸ್ಕತ್ತಿಗೆ ಕಳುಹಿಸಿ, ಮದುವೆ ಮಾಡಿಸುವ ಹೊತ್ತಿಗೆ ಇವಳಿಗೆ ನಲವತ್ತು ದಾಟಿತ್ತು. ಇವಳ ಮದುವೆಯ ಮಾತನ್ನು ಯಾರೂ ಎತ್ತಲಿಲ್ಲ.

ಅವಳ ಧಾರಾವಾಹಿ ಟಿಪ್ಪುವಿನ ಕಾಲದ್ದು. ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ ದಿನಗಳು. ಕಥೆಯ ಎಸ್ತರ್ ಎಂಬ ಹುಡುಗಿ ಇಗರ್ಜಿಯಲ್ಲಿದ್ದ ಯೇಸುಮಾತೆಯ ದಂತದ ಮೂರ್ತಿಯನ್ನು ಮಣ್ಣಿನಲ್ಲಿ ಹೂತಿಡುತ್ತಾಳೆ. ಕಾವಲಿನ ಸಿಪಾಯಿಯೊಬ್ಬ ಅವಳನ್ನು ಪ್ರೀತಿಸುತ್ತಾನೆ. ಅವನು ಕಾಪಾಡುತ್ತಾನೋ, ಹಿಡಿದುಕೊಡುತ್ತಾನೋ ಎಂದು ಓದುಗರು ಪ್ರತಿ ವಾರ ಕಾಯುತ್ತಿದ್ದರು.

ಸಿಪಾಯಿ ಅವಳ ಕಲ್ಪನೆ. ಮೂರ್ತಿ ಮಾತ್ರ ನಿಜ. ಅಜೆಕಾರಿನ ಅವಳ ತಾಯಿಮನೆಯಲ್ಲಿ, ಪ್ರಾರ್ಥನೆ ಮಾಡುವ ಪೀಠದ ಹಿಂದಿನ ಗೋಡೆಗೂಡಿನಲ್ಲಿ, ಅಂಗೈ ಉದ್ದದ ದಂತದ ಮಾತೆ ಇದ್ದಳು. ಸೆರೆಯಿಂದ ಮರಳಿದ ಹೆಂಗಸರು ಅಗೆದು ತಂದದ್ದು ಎಂದು ಮನೆಯ ನಂಬಿಕೆ. ಆ ಗುಟ್ಟು ಹೆಂಗಸರಿಂದ ಹೆಂಗಸರಿಗೆ ಮಾತ್ರ ಹೋಗಬೇಕು. ಡುಲ್ಸಿನ್‌ನ ತಂದೆ ಅದನ್ನು ಕಾಣದೆಯೇ ತೀರಿಕೊಂಡಿದ್ದರು. ತಾಯಿ ಆಂಜೆಲಾ ಅದನ್ನು ಮಗಳಿಗೆ ತೋರಿಸಿದಾಗ, ಯಾರಿಗೂ ಹೇಳುವುದಿಲ್ಲವೆಂದು ಮಾತು ತೆಗೆದುಕೊಂಡಿದ್ದರು. ಊರಿನ ಹೆಸರು ಬದಲಿಸಿ ಕಥೆಯಲ್ಲಿ ತಂದರೆ ತಪ್ಪಲ್ಲ ಎಂದು ಡುಲ್ಸಿನ್ ತನಗೆ ತಾನೇ ಹೇಳಿಕೊಂಡಳು.

ಡ್ಯಾರಿಲ್ ಅಂಗಡಿಗೆ ಬಂದದ್ದು ಆ ಪತ್ರಿಕೆ ಹಿಡಿದುಕೊಂಡೇ. ಮಣಿಪಾಲದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ ಎಂದ. ಸೆರೆಯಾಳುಗಳು ಘಾಟಿ ಹತ್ತಿದ ದಾರಿಯನ್ನು ನೀವು ತಪ್ಪು ಬರೆದಿದ್ದೀರಿ ಎಂದು ನಗುತ್ತಾ ತಿದ್ದಿದ. ತನ್ನನ್ನು ಇಷ್ಟು ಗಮನವಿಟ್ಟು ಓದಿದವರು ಇದ್ದಾರಲ್ಲ ಎಂದು ಡುಲ್ಸಿನ್‌ಗೆ ಆ ದಿನವೆಲ್ಲ ಖುಷಿ. ಆಮೇಲೆ ಇಬ್ಬರೂ ಕಾಪುವಿನ ದೀಪಸ್ತಂಭ ಹತ್ತಿದರು, ಕಾರ್ಕಳದ ಹಳೆಯ ಶಾಸನಗಳನ್ನು ನೋಡಲು ಹೋದರು. ಅಂಗಡಿಯ ಹೊರಗೆ ತನಗಾಗಿ ಒಬ್ಬರು ಕಾದು ನಿಲ್ಲುವುದು ಅವಳಿಗೆ ಹೊಸದು. ಯಾರಿಗೂ ಹೇಳದೆ ತನ್ನ ಅಳತೆಗೂ ಒಂದು ಗೌನ್ ಕತ್ತರಿಸಿದಳು.

ಮೂರ್ತಿಯ ಕುತ್ತಿಗೆಯ ಬಿರುಕನ್ನು ಕಣ್ಣಿನಿಂದ ಕಂಡವಳಂತೆ ಬರೆದಿದ್ದೀಯಲ್ಲ ಎಂದು ಅವನು ಆಗಾಗ ಕೇಳುವನು. ಅವಳು ಮಾತು ಹಾರಿಸುವಳು. ಜನವರಿಯಲ್ಲಿ ಮದುವೆಯಾಗುವ ಎಂದು ಅವನು ಹೇಳಿದ ದಿನ ಅವಳು ಬಾಯಿಬಿಟ್ಟಳು. ಮರುಭಾನುವಾರ ತಾಯಿ ಪೂಜೆಗೆ ಹೋದ ಹೊತ್ತಿನಲ್ಲಿ ಅವನನ್ನು ಅಜೆಕಾರಿಗೆ ಕರೆದುಕೊಂಡು ಹೋಗಿ ಗೋಡೆಗೂಡು ತೆರೆದು ತೋರಿಸಿದಳು. ಅವನು ಭಕ್ತಿಯಿಂದ ಶಿಲುಬೆಯ ಗುರುತು ಮಾಡಿಕೊಂಡ.

ಕೆಲವು ವಾರಗಳಲ್ಲಿ ಗೂಡು ಬರಿದಾಯಿತು. ಆಂಜೆಲಾ ಅಳಲಿಲ್ಲ. "ಯಾರಿಗೆ ಹೇಳಿದೆ ಬಾಯೆ?" ಎಂದಷ್ಟೇ ಕೇಳಿದರು.

ಕಾಲೇಜಿನಲ್ಲಿ ಆ ಹೆಸರಿನ ಮೇಷ್ಟ್ರು ಯಾರೂ ಇರಲಿಲ್ಲ. ಅವನ ಫೋನ್ ಸ್ವಿಚ್ ಆಫ್. ಪೊಲೀಸರು ದೂರು ಬರೆದುಕೊಂಡರು. ಆದರೆ ಫೋಟೊ ಇಲ್ಲದ, ತಾಯಿ ಮಗಳ ಹೊರತು ಯಾರೂ ನೋಡಿರದ ಮೂರ್ತಿಯನ್ನು ಹುಡುಕುವುದು ಹೇಗೆ ಎಂದು ಕೇಳಿದರು. ಡುಲ್ಸಿನ್ ತನಗೆ ಬರುವ ಕೆಲಸವನ್ನೇ ಮಾಡಿದಳು. ಮುಂದಿನ ಕಂತಿನಲ್ಲಿ, ಮಾತೆಯ ತೋಳಿನಲ್ಲಿ ಕೂರುವ ಬಾಲಯೇಸುವಿನ ಮೂರ್ತಿಯೂ ಉಂಟು, ಅದನ್ನು ಬೇರೆ ಕಡೆ ಬಚ್ಚಿಟ್ಟಿದ್ದೇನೆ ಎಂದು ಎಸ್ತರ್‌ಳಿಂದ ಹೇಳಿಸಿದಳು. ಅಂಥದ್ದೊಂದು ಎಲ್ಲಿಯೂ ಇರಲಿಲ್ಲ.

ಪತ್ರಿಕೆ ಹೊರಬಂದ ವಾರದಲ್ಲೇ ಹೊಸ ನಂಬರಿನಿಂದ ಡ್ಯಾರಿಲ್ ಕರೆ ಮಾಡಿದ. ತಜ್ಞರಿಗೆ ತೋರಿಸಲು ಒಯ್ದದ್ದು, ಹೇಳಲು ಧೈರ್ಯ ಸಾಲಲಿಲ್ಲ ಎಂದ. ಅವಳು ನಂಬಿದಂತೆ ಮಾತನಾಡಿದಳು. ಬಾಲಯೇಸು ಸರಿಯಾಗಿ ಕೂರುತ್ತದಾ ನೋಡಬೇಕು, ಮಾತೆಯನ್ನು ತಾ ಎಂದಳು. ಕಾಪುವಿನ ಕಡಲ ತಡಿಯಲ್ಲಿ ಭೇಟಿ ಎಂದಾಯಿತು. ಮಫ್ತಿಯ ಪೊಲೀಸರು ಅಲ್ಲಿ ಕಾದರು.

ಆದರೆ ಅವಳು ಕಾಪುವಿನಲ್ಲಿ ಬಸ್ಸಿಳಿಯುತ್ತಲೇ ಕಾರೊಂದು ಪಕ್ಕಕ್ಕೆ ಬಂತು. ಡ್ಯಾರಿಲ್ ಜೊತೆ ಇನ್ನೊಬ್ಬನಿದ್ದ. ಅವಳನ್ನು ಹಿಂದೆ ಕೂರಿಸಿ, ಫೋನ್ ಕಿತ್ತುಕೊಂಡರು. ಕಾರು ಶಿರ್ವದ ದಾರಿ ಹಿಡಿಯಿತು. ಮಾತೆಯನ್ನು ತಂದಿದ್ದೇವೆ, ಬಾಲಯೇಸು ಎಲ್ಲಿ ಉಂಟು ಎಂದು ಕೇಳಿದಾಗ, ಅಜೆಕಾರಿನಲ್ಲೇ, ದಾರಿ ತೋರಿಸುತ್ತೇನೆ ಎಂದಳು. ಬೆಳ್ಮಣ್ ದಾಟಿದ ಮೇಲೆ ಕೇಳದೆ ಇರಲಾಗಲಿಲ್ಲ.

"ಮದುವೆಯ ಮಾತು ಎಂತಕ್ಕೆ ಹೇಳಿದ್ದು?"

ಅವನು ತಿರುಗಿಯೂ ನೋಡಲಿಲ್ಲ. "ಮೂರ್ತಿಯ ವಿಷಯ ಹೇಳಲು ನೀನು ತುಂಬಾ ತಡ ಮಾಡಿದೆ. ಬೇರೆ ದಾರಿ ಇರಲಿಲ್ಲ."

ಜೊತೆಗಿದ್ದವನು ನಕ್ಕ. ತನ್ನ ಹೆದರಿಕೆ ಅಲ್ಲಿಗೆ ನಿಂತಿತು ಎಂದು ಅವಳು ಆಮೇಲೆ ನನ್ನ ಹತ್ತಿರ ಹೇಳಿದ್ದುಂಟು.

ಆ ಸಂಜೆ ಅಜೆಕಾರಿನಲ್ಲಿ ತಾಯಿಯ ನೆರೆಮನೆಯ ರೊಸಾರಿಯೊ ಅವರಲ್ಲಿ ಮಗಳ ರೋಸ್, ಮದುವೆಯ ಹಿಂದಿನ ದಿನ ತೆಂಗಿನ ಹಾಲು ಎರೆಯುವ ಶಾಸ್ತ್ರ. ಮದುಮಗಳ ಗೌನ್ ಹೊಲಿದವಳು ಡುಲ್ಸಿನ್ನೇ. ಆ ಓಣಿಗೇ ಕಾರು ತಿರುಗಿಸಲು ಹೇಳಿದಳು. ತಿರುವು ದಾಟಿದರೆ ಮುಂದೆ ಅಂಗಳದ ತುಂಬ ಜನ, ಹಿಂದೆ ನೆಂಟರ ವ್ಯಾನು. ಅವಳು ಬಾಗಿಲು ತೆರೆದು ಇಳಿದು ನೇರ ರೊಸಾರಿಯೊ ಹತ್ತಿರ ಹೋದಳು. ನಮ್ಮ ಮನೆಯ ಮಾತೆಯನ್ನು ಕದ್ದವರು ಇವರು, ಮೂರ್ತಿ ಕಾರಿನಲ್ಲೇ ಉಂಟು, ಹೋಗಲು ಬಿಡಬೇಡಿ ಎಂದಳು. ಜನ ಕಾರನ್ನು ಸುತ್ತುವರಿದರು. ಮೂರ್ತಿ ಸೀಟಿನ ಕೆಳಗೆ ಟವೆಲಿನಲ್ಲಿ ಸುತ್ತಿ ಇತ್ತು.

ಡ್ಯಾರಿಲ್ ಎಂಬುದು ಅವನ ನಿಜವಾದ ಹೆಸರಲ್ಲ ಎಂದು ಪೊಲೀಸರಿಂದ ತಿಳಿಯಿತು. ನಿಜವಾದ ಹೆಸರು ಕೇಳಲು ಅವಳು ಹೋಗಲಿಲ್ಲ. ಕತ್ತರಿಸಿದ ಗೌನನ್ನು ಇನ್ನೊಬ್ಬಳ ಅಳತೆಗೆ ಹೊಲಿದು ಕೊಟ್ಟಳು. ಸಂಪಾದಕರು ಎಷ್ಟು ಕೇಳಿಕೊಂಡರೂ ಧಾರಾವಾಹಿಯನ್ನು ಮುಂದುವರಿಸಲಿಲ್ಲ.

ಕೋರ್ಟು ಕೊನೆಗೆ ಮೂರ್ತಿಯನ್ನು ಆಂಜೆಲಾ ಅವರ ವಶಕ್ಕೆ ಕೊಟ್ಟಿತು. ಸುದ್ದಿ ತಿಳಿದು ಡುಲ್ಸಿನ್ ಅಜೆಕಾರಿಗೆ ಹೋದಳು. ತಾಯಿ ಮಡಿಲಲ್ಲಿ ಮೂರ್ತಿ ಇಟ್ಟುಕೊಂಡು ಕುಳಿತಿದ್ದರು, ಪಕ್ಕದಲ್ಲಿ ವಿಲ್ಫ್ರೆಡ್‌ನ ಹೆಂಡತಿ ವನೆಸ್ಸಾ.

"ನೀನು ಸ್ವಲ್ಪ ಹೊರಗೆ ಕೂತುಕೋ ಬಾಯೆ," ಎಂದರು ಆಂಜೆಲಾ. ಸ್ವರದಲ್ಲಿ ಸಿಟ್ಟಿರಲಿಲ್ಲ. "ಇನ್ನು ಎಲ್ಲಿ ಇಡುವುದು ಅಂತ ವನೆಸ್ಸಾಗೆ ಹೇಳಬೇಕು."

ಡುಲ್ಸಿನ್ ಜಗಲಿಗೆ ಬಂದು ಕುಳಿತಳು. ಒಳಗಿನ ಬಾಗಿಲು ಮುಚ್ಚಿತು. ಬಾಗಿಲು ತೆರೆದಾಗ ವನೆಸ್ಸಾ ಅವಳ ಮುಖ ನೋಡದೆ ಕಾಫಿ ತಂದುಕೊಟ್ಟಳು. ಡುಲ್ಸಿನ್ ಅದನ್ನು ಕುಡಿದು, ಲೋಟ ತೊಳೆದಿಟ್ಟು, ಉಡುಪಿಯ ಬಸ್ಸು ಹಿಡಿದಳು.