ರೇಟ್ ಏರಿದರೆ ಆರ್ಡರ್ ರದ್ದು

ರಾಮನಗರದ ನಮ್ಮ ಕಾಲೇಜಿನ ಅಣಕು ಸಂಸತ್ತಿನಲ್ಲಿ ಆ ಮಸೂದೆ ಮಂಡಿಸಿದ್ದು ನಾನು. ಸೇನೆಗೆ ಕೊಳ್ಳುವ ಆಯುಧವಾಗಲಿ, ಅದರ ಬಿಡಿಭಾಗವಾಗಲಿ, ಒಪ್ಪಂದವಾದ ಮೇಲೆ ಬೆಲೆ ಏರಿದರೆ ಆರ್ಡರ್ ರದ್ದು. ಕಾರಣ ಕೇಳುವ ಪ್ರಶ್ನೆಯೇ ಇಲ್ಲ. ಯಾರೂ ಸದನಕ್ಕೆ ಉತ್ತರ ಕೊಡಬೇಕಾಗಿಲ್ಲ, ಅದಕ್ಕೇ ಆಯುಧದ ಬೆಲೆ ಉಬ್ಬುತ್ತದೆ ಎಂದು ನಂಬಿದ್ದೆ. ಈಗಲೂ ನಂಬುತ್ತೇನೆ.

ವಿರೋಧ ಪಕ್ಷದ ನಾಯಕನಾಗಿದ್ದ ಕನಕಪುರದ ಸಹಪಾಠಿ ಎದ್ದ. "ಮಾನ್ಯ ಮಂತ್ರಿಗಳೇ, ಅರ್ಧ ಕೆಲ್ಸ ಆದ್ಮೇಲೆ ಕೊಳ್ಳೋರೇ ಡ್ರಾಯಿಂಗ್ ಬದಲಾಯಿಸ್ಬುಟ್ರೆ?"

ನನಗೆ ಉತ್ತರ ಗೊತ್ತಿತ್ತು. ಚನ್ನಪಟ್ಟಣದಲ್ಲಿ ಅಪ್ಪನದು ಎರಡು ಲೇತ್‌ಗಳ ವರ್ಕ್‌ಶಾಪ್. ಮರದ ಬೊಂಬೆ ಕಡೆದು ಪಳಗಿದ ಕೈ. ಆಗ ಬೆಂಗಳೂರಿನ ಕಂಪನಿಯೊಂದಕ್ಕೆ ಫಿರಂಗಿ ಗಾಡಿಯ ಅಚ್ಚಿಗೆ ತೊಡಿಸುವ ಬುಷ್ ಎಂಬ ಹಿತ್ತಾಳೆಯ ಬಳೆ ಮಾಡುತ್ತಿದ್ದರು. ಅದೇ ವಾರ ಕಂಪನಿಯಿಂದ ಅಳತೆಯ ಹೊಸ ಡ್ರಾಯಿಂಗ್ ಬಂದಿತ್ತು. ಒಳಗಿನ ತೂತು ಮೊದಲಿಗಿಂತ ಕೂದಲೆಳೆಯಷ್ಟು ಕಿರಿದಾಗಬೇಕು, ಮಾಡಿಟ್ಟಿದ್ದೆಲ್ಲ ಗುಜರಿಗೆ. ಹೊಸ ರೇಟ್ ಸಿಗದಿದ್ದರೆ ವರ್ಕ್‌ಶಾಪ್ ಉಳಿಯುವುದು ಕಷ್ಟ, ಕಂಪನಿಗೆ ಒಂದು ಪತ್ರ ಬರೆದುಕೊಡು ಎಂದು ನನ್ನನ್ನೇ ಕೇಳಿದ್ದರು.

ಆದರೆ ಚರ್ಚೆಯಲ್ಲಿ ಒಂದು ವಿನಾಯಿತಿ ಒಪ್ಪಿದರೆ ಮುಗಿಯಿತು. "ಡ್ರಾಯಿಂಗ್ ಅನ್ನೋದು ರೇಟ್ ಏರಿಸೋರ ನಾಟಕ!" ಎಂದೆ. ನಮ್ಮ ಪಕ್ಷದವರು ದಬದಬ ಮೇಜು ಬಡಿದರು. ಮಸೂದೆ ಪಾಸಾಯಿತು. ಹಿಂದಿನ ಬಾಗಿಲಲ್ಲಿ, ನನ್ನನ್ನು ಕರೆದೊಯ್ಯಲು ಬಂದಿದ್ದ ಅಪ್ಪ ನಿಂತಿದ್ದರು.

ಊರಿಗೆ ಮರಳುವ ದಾರಿಯಲ್ಲಿ ಸ್ಕೂಟರ್ ಕೆಂಗಲ್ ದಾಟಿತು. ಅಪ್ಪ ಹೇಳಿದರು, "ಚೆನ್ನಾಗ್ ಮಾತಾಡ್ದೆ ಕಣವ್ವ. ನಾಟ್ಕದೋನ ಮಗಳು ಅಂತ ಯಾರ್ಗೂ ಗೊತ್ತಾಗ್ಲಿಲ್ಲ."

"ನಿನ್ ವಿಷ್ಯ ಅಲ್ಲಪ್ಪ ಅದು."

"ಮತ್ತಿನ್ಯಾರ್ದು?"

ವರ್ಕ್‌ಶಾಪ್‌ನಲ್ಲೇ ಪತ್ರಕ್ಕೆ ಕೂತೆ. ನಾನು ಬರೆದ ಒಂದೊಂದು ಕಾರಣಕ್ಕೂ ಅಪ್ಪ ಲೇತ್ ಒರೆಸುತ್ತಲೇ ನನ್ನ ಭಾಷಣದ ಮಾತನ್ನೇ ಉತ್ತರವಾಗಿ ಹೇಳಿದರು. ಕೊನೆಗೆ, ಡ್ರಾಯಿಂಗ್ ಬದಲಾಯಿಸಿದವರೇ ಹೆಚ್ಚಿನ ಖರ್ಚು ಹೊರಬೇಕು, ಬದಲಾಯಿಸಿದ್ದೇಕೆಂದು ಬರೆದೂ ಕೊಡಬೇಕು ಎಂದು ಬರೆದೆ.

"ಇದು ಸರ್ಯಾಗೈತೆ. ಅಲ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಸೋಲ್ತಿದ್ದೆ."

ಪತ್ರ ಹೋಯಿತು. ಉತ್ತರವಾಗಿ ಬಂದದ್ದು ಅಚ್ಚು ಹಾಕಿಸಿದ ಒಂದು ಫಾರಂ. ಅದರಲ್ಲಿ ಎರಡೇ ಚೌಕ: ಹಳೆಯ ರೇಟಿಗೆ ಒಪ್ಪಿಗೆ, ಇಲ್ಲವೇ ಆರ್ಡರ್ ರದ್ದು.

"ನಿನ್ ಕಾನೂನು ಆಗ್ಲೇ ಜಾರಿಗೆ ಬಂದ್ಬುಟ್ಟೈತಲ್ಲವ್ವ!" ಅಪ್ಪ ನಕ್ಕರು. ಅವರು ಮೊದಲ ಚೌಕಕ್ಕೆ ಗುರುತು ಹಾಕಿದರು. ಆ ಆರ್ಡರ್ ಮುಗಿಸುವಷ್ಟರಲ್ಲಿ ಒಂದು ಲೇತ್ ಮಾರಿದ್ದೆವು.