ಮಾತು ನಿಲ್ಲಿಸಿದ ವಾರಗಳಲ್ಲಿ ನೋಡಿದ ಫ್ರೆಂಚ್ ಸಿನಿಮಾ

ದಬ್ಬೇಘಟ್ಟದ ಕಡೆಯ ಒಂದು ಊರಿನಲ್ಲಿ ಪೌರಾಣಿಕ ನಾಟಕ ನಡೆಯುತ್ತಿರುವಾಗಲೇ ನನ್ನ ಗಂಟಲು ಕೈಕೊಟ್ಟಿತು. ನನ್ನದು ರಾಣಿ ಪಾತ್ರ. ಎತ್ತರದ ಶ್ರುತಿಯ ಹಾಡಿಗೆ ಬಾಯಿ ತೆರೆದರೆ ಬರೀ ಗಾಳಿ ಬಂತು. ಹಾರ್ಮೋನಿಯಂ ಮೇಷ್ಟ್ರು ನನ್ನ ಮುಖ ನೋಡಿ ಆ ಹಾಡನ್ನು ತಾವೇ ಹಾಡಿ ಮುಗಿಸಿದರು.

ಈ ಸೀಮೆಯ ಹಳ್ಳಿಗಳಲ್ಲಿ ಗಂಡಸರು ಸೇರಿ ನಾಟಕ ಕಲಿಯುತ್ತಾರೆ, ಹೆಣ್ಣು ಪಾತ್ರಕ್ಕೆ ಮಾತ್ರ ನಮ್ಮಂಥವರನ್ನು ಕರೆಸುತ್ತಾರೆ. ಹರೆಯದಿಂದಲೂ ನನ್ನ ಕಸುಬು ಅದೇ. ಡಾಕ್ಟರು ಗಂಟಲು ನೋಡಿ, "ಗಂಟಾಗಿದೆ ಕಣಮ್ಮ. ಆಪರೇಷನ್ ಬೇಡ ಅಂದ್ರೆ ಕೆಲವು ವಾರ ಮಾತು ನಿಲ್ಸಿ. ಪಿಸುಗುಟ್ಟೋದೂ ಬೇಡ" ಅಂದರು. ಕೇಳಿದವರೆಲ್ಲ ಅಯ್ಯೋ ಪಾಪ ಎಂದರು. ನಿಜ ಹೇಳಬೇಕೆಂದರೆ ನನಗೆ ಹಾಯೆನಿಸಿತು. ಅಷ್ಟು ದಣಿದಿದ್ದೆ.

ತಿಪಟೂರಿನಲ್ಲಿ ನನ್ನ ತಂಗಿ ಒಬ್ಬಳೇ ಇದ್ದಾಳೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತಳಾದವಳು. "ನಿನ್ನೂರಲ್ಲೇ ಇದ್ರೆ ಬರೋರಿಗೆಲ್ಲ ಉತ್ತರ ಕೊಟ್ಟು ಕೊಟ್ಟು ಇನ್ನೂ ಕೆಡಿಸ್ಕೋತೀಯ ಅಕ್ಕ, ಬಾ" ಎಂದು ತನ್ನ ಮನೆಗೆ ಕರೆದೊಯ್ದಳು. ಅವಳು ನನ್ನ ಒಂದು ನಾಟಕವನ್ನೂ ನೋಡಿದವಳಲ್ಲ. ಅವಳ ಸ್ಕೂಲಿನಲ್ಲಿ ಯಾರಿಗೂ ಅಕ್ಕ ನಾಟಕದವಳು ಎಂದು ಗೊತ್ತಿರಲಿಲ್ಲ. ಈ ವಿಷಯ ನಾವಿಬ್ಬರೂ ಎಂದೂ ಮಾತಾಡಿಕೊಂಡಿದ್ದಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಅವಳು ಟೀವಿಯಲ್ಲಿ ಫ್ರೆಂಚ್ ಸಿನಿಮಾ ಹಾಕಿದಳು. "ನಾಟಕದೋರ ಕತೆ ಕಣಕ್ಕ, ನಿಂಗೆ ಹಿಡಿಸ್ತದೆ" ಎಂದಳು. ಪ್ಯಾರಿಸ್ಸಿನಲ್ಲೊಂದು ಹಳೇ ನಾಟಕ ಮಂದಿರ. ಅಲ್ಲಿ ಐವತ್ತು ದಾಟಿದ ನಟಿ. ರಂಗದ ಪಕ್ಕದಲ್ಲಿ ಕೂತು, ಮರೆತ ಮಾತನ್ನು ಮೆಲ್ಲಗೆ ನೆನಪಿಸುವ ಒಬ್ಬ ಬೋಳುತಲೆಯವನು. ಇಬ್ಬರಿಗೂ ದಿನಾ ಜಗಳ. ಕೆಳಗೆ ಓಡುವ ಇಂಗ್ಲಿಷ್ ಅಕ್ಷರಗಳನ್ನು ತಂಗಿ ಕನ್ನಡ ಮಾಡಿ ಹೇಳುತ್ತಿದ್ದಳು, ಅದೂ ಪಠ್ಯಪುಸ್ತಕದ ಕನ್ನಡ: "ನಿಮ್ಮ ವರ್ತನೆ ನನಗೆ ಅಸಹನೀಯವಾಗಿದೆ ಅಂತಾಳೆ." ಹಾಡಿಲ್ಲ, ಕುಣಿತವಿಲ್ಲ. ತಿನ್ನುತ್ತ ಮಾತು, ಕುಡಿಯುತ್ತ ಮಾತು, ಮೆಟ್ಟಿಲಿಳಿಯುತ್ತ ಮಾತು. ಬಾಯಿ ಕಟ್ಟಿಕೊಂಡು ಕೂತವಳಿಗೆ ಇದೆಂಥ ಶಿಕ್ಷೆ ಎನಿಸಿ ನಿದ್ದೆ ಹೋದೆ.

ಎಚ್ಚರವಾದಾಗ ತಂಗಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಆ ನಟಿಯನ್ನು ಯಾರೋ ಅವಮಾನ ಮಾಡಿದ್ದರಂತೆ. ಎಲ್ಲಿಯೋ ಇರುವ ನಾಟಕದವಳಿಗಾಗಿ ಇವಳ ಕಣ್ಣಲ್ಲಿ ನೀರು ಬರುತ್ತದೆ, ಬಸ್ಸು ಹತ್ತಿದರೆ ಸಿಗುವ ನನ್ನ ರಂಗದ ಮುಂದೆ ಒಂದು ದಿನವೂ ಬಂದು ಕೂರಲಿಲ್ಲ. ಹೇಳಲು ಬಾಯಿರಲಿಲ್ಲ. ಇದ್ದಿದ್ದರೂ ಹೇಳುವಷ್ಟು ಚೈತನ್ಯವಿರಲಿಲ್ಲ.

ಮಾರನೆಯ ಮಧ್ಯಾಹ್ನ ನಾನು ನಿದ್ದೆಹೋದ ಜಾಗದಿಂದಲೇ ಮತ್ತೆ ಹಾಕಿದಳು. ಬೇಡವೆಂದು ಕೈಯಾಡಿಸುವುದಕ್ಕೂ ಬೇಸರವಾಗಿ ಸುಮ್ಮನೆ ಕೂತೆ. ನಾಟಕ ಮುಗಿದು ಆ ನಟಿ ಬಣ್ಣದ ಕೋಣೆಗೆ ಬಂದಳು. ಕೂದಲಿನ ಪಿನ್ನುಗಳನ್ನು ಒಂದೊಂದೇ ಕಿತ್ತು ತುಟಿಯಲ್ಲಿ ಕಚ್ಚಿಕೊಂಡಳು, ಹುಸಿಗೂದಲಿನ ಟೋಪನ್ನು ತೆಗೆದು ತಲೆ ಪರಪರ ಕೆರೆದುಕೊಂಡಳು. ಒಂದು ಕೆನ್ನೆಯ ಬಣ್ಣ ಒರೆಸಿ, ಇನ್ನೊಂದನ್ನು ಒರೆಸಲಾರದೆ ಹಾಗೇ ಕೂತಳು. ಆಮೇಲೆ ಬೂಟು ಕಳಚಿ, ಊದಿದ ಪಾದಗಳನ್ನು ನೀರಿನ ತೊಟ್ಟಿಯಲ್ಲಿಟ್ಟಳು. ಇದನ್ನು ನನಗೆ ಯಾರೂ ಕನ್ನಡ ಮಾಡಿ ಹೇಳಬೇಕಾಗಿರಲಿಲ್ಲ. ನೆಟ್ಟಗೆ ಕೂತು, ಇನ್ನೊಮ್ಮೆ ಹಾಕು ಎಂದು ಸನ್ನೆ ಮಾಡಿದೆ.

"ಯಾಕೆ? ಏನಾಯ್ತು?"

ಸೀರೆ ಸ್ವಲ್ಪ ಎತ್ತಿ ನನ್ನ ಕಣಕಾಲು ತೋರಿಸಿದೆ. ಅವಳು ಟೀವಿ ನಿಲ್ಲಿಸಿ ಬಗ್ಗಿ ನೋಡಿದಳು. "ನಿಂಗೂ ಹಿಂಗೇ ಆಯ್ತಿತ್ತಾ ಅಕ್ಕ?" ಹೂಂ ಎಂದು ತಲೆಯಾಡಿಸಿದೆ. ಎದ್ದು ಒಳಗೆ ಹೋದವಳು ಬಕೆಟ್ಟಿನಲ್ಲಿ ಬಿಸಿನೀರು ತಂದು, ಹಿಡಿ ಉಪ್ಪು ಹಾಕಿ ನನ್ನ ಕಾಲಡಿ ಇಟ್ಟಳು. ಆ ಮಧ್ಯಾಹ್ನ ನೋಡಿದಷ್ಟನ್ನೂ ಕಾಲು ನೆನೆಸಿಕೊಂಡೇ ನೋಡಿದೆ.

ಅದು ಒಳ್ಳೆಯ ಸಿನಿಮಾ ಎನ್ನಲು ನನಗೆ ಇನ್ನೂ ಎರಡು ಮಧ್ಯಾಹ್ನ ಬೇಕಾಯಿತು. ಕೊನೆಯ ಭಾಗದಲ್ಲಿ ನಟಿ ರಂಗದ ಮೇಲೆ ಮಾತು ಮರೆಯುತ್ತಾಳೆ. ಬೋಳುತಲೆಯವನು ನೆನಪಿಸಬೇಕಾದ ಮಾತು ಬಿಟ್ಟು, ತನ್ನನ್ನು ಮದುವೆಯಾಗು ಎಂದು ಪಿಸುಗುಟ್ಟಿಬಿಡುತ್ತಾನೆ. ಅದೇ ನಾಟಕದ ಮಾತೆಂದುಕೊಂಡು ಅವಳು ಎದುರಿಗಿದ್ದ ಮುದಿ ಸೇನಾಪತಿಗೆ ಗಟ್ಟಿಯಾಗಿ ಅದನ್ನೇ ಹೇಳುತ್ತಾಳೆ. ಸೇನಾಪತಿ ಗಾಬರಿಯಿಂದ ಕತ್ತಿ ಕೆಳಗೆ ಹಾಕುತ್ತಾನೆ. ನಮ್ಮ ಕಡೆಯ ಸೇನಾಪತಿಗಳೂ ಹಾಗೆಯೇ ಹಾಕುತ್ತಿದ್ದರು. ಶಬ್ದವಿಲ್ಲದೆ ಮೈಯೆಲ್ಲ ಕುಲುಕಿ ನಕ್ಕೆ.

"ನಗಬ್ಯಾಡ ಕಣಕ್ಕ, ಡಾಕ್ಟ್ರು ಬಯ್ತಾರೆ!" ಎನ್ನುತ್ತ ಅವಳೂ ಬಿದ್ದು ಬಿದ್ದು ನಕ್ಕಳು.

ಡಾಕ್ಟರು ಮೆಲ್ಲಗೆ ಮಾತಾಡಬಹುದು ಎಂದ ದಿನ ಅವಳು ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಹೋಗಿ ಪಕ್ಕದಲ್ಲಿ ಕೂತು ಕೇಳಿದೆ: "ನನ್ ನಾಟ್ಕಕ್ಕೆ ಯಾಕ್ ಬರ್ಲಿಲ್ಲ ಕಣೇ ನೀನು?" ದನಿ ಬೇರೆ ಯಾರದೋ ಅನ್ನಿಸಿತು.

ಅವಳು ತಲೆಯೆತ್ತಲಿಲ್ಲ. "ಹೆದ್ರಿಕೆ. ಸ್ಟಾಫ್ ರೂಮಲ್ಲಿ ಯಾರಾದ್ರೂ ಏನಾದ್ರೂ ಅಂದ್ಬುಟ್ರೆ ಅಂತ. ಆಮೇಲಾಮೇಲೆ ಬರ್ದೆ ಇರೋದೇ ರೂಢಿ ಆಗೋಯ್ತು."

ಕೋಪ ಬರಬೇಕಿತ್ತು. "ಬುಡು" ಎಂದು ಒಂದು ಹಿಡಿ ಕಾಯಿ ನನ್ನ ಕಡೆಗೂ ಎಳೆದುಕೊಂಡೆ.

ಈಗ ನಾನು ರಾಣಿಯಾಗುವುದಿಲ್ಲ. ಹಾಡು ಕಡಿಮೆಯಿರುವ ತಾಯಿಯ ಪಾತ್ರವಾದರೆ ಒಪ್ಪಿಕೊಳ್ಳುತ್ತೇನೆ. ಮೊನ್ನೆ ದಂಡಿನಶಿವರದಲ್ಲಿ ಹಗಲು ರಿಹರ್ಸಲ್ ಇತ್ತು. ನಾನು ಕರೆಯದೆಯೇ ತಂಗಿ ಜೊತೆಗೆ ಬಂದು ಜಗುಲಿಯ ಮೇಲೆ ಕೂತಳು. ರಾಜನ ಪಾತ್ರದವನು "ಇವ್ರು ಯಾರಮ್ಮ?" ಎಂದು ನನ್ನನ್ನು ಕೇಳಿದರೆ, ಅವಳೇ ಮುಂದಾಗಿ, "ನಾನು ಇವ್ರ್ ತಂಗಿ ಕಣಪ್ಪ, ಒಡಹುಟ್ಟಿದೋಳು" ಎಂದಳು.

ವಾಪಸ್ ಬರುವಾಗ ಬಸ್ಸಿನಲ್ಲಿ, ನನ್ನ ಪಾತ್ರದ ಎರಡನೇ ಮಾತಿನಲ್ಲಿ ಒಂದು ವ್ಯಾಕರಣದ ತಪ್ಪಿದೆ ಎಂದಳು. ಇರಬಹುದು ಎಂದೆ. ಈ ಪಾತ್ರ ಮಾಡಿದ ಎಲ್ಲ ಊರುಗಳಲ್ಲೂ ಅದನ್ನು ಹಾಗೆಯೇ ಹೇಳಿಕೊಂಡು ಬಂದಿದ್ದೇನೆ. ಈಗ ತಿದ್ದಿಕೊಳ್ಳುವ ಶಕ್ತಿ ನನ್ನಲ್ಲಿಲ್ಲ.