ಮುಗಿದ ಮೇಲೂ ದಾರ ಸರಿಸಬೇಕು

ಕೊನೆಯ ಸಾಲು ಎರಡು ಸಲ ಬರುತ್ತಿತ್ತು. ಕೋಡಿನಲ್ಲಿ ಒಂದು ಬಗ್ ಅಷ್ಟೇ. ಆದರೆ ಅದು ನನ್ನ ಮೂರು ವಾರ ತಿಂದಿತ್ತು.

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಬೈಲಹೊಂಗಲದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೆ.

ಆಪರೇಟಿಂಗ್ ಸಿಸ್ಟಮ್‌ನ ಹೊಟ್ಟೆಯೊಳಗೆ ಕರ್ನಲ್ ಅಂತ ಇರುತ್ತದೆ. ಅದು ಏನೇನು ಮಾಡಿತು ಅಂತ ಸಾಲುಸಾಲಾಗಿ ತೋರಿಸುವ ಕೋಡಿಗೆ ಟ್ರೇಸಿಂಗ್ ಅಂತಾರೆ. ಆ ಸಾಲುಗಳನ್ನ ತುಂಡುತುಂಡಾಗಿ ಓದಿದರೆ ಕೊನೆಯದು ಮತ್ತೊಮ್ಮೆ ಬಂದು ನಿಲ್ಲುತ್ತಿತ್ತು. ಆ ಕೋಡನ್ನ ಯಾರು ಬೇಕಾದರೂ ತಿದ್ದಿ ಕಳಿಸಬಹುದಿತ್ತು; ಆ ತಿದ್ದುಪಡಿಗೆ ಪ್ಯಾಚ್ ಅಂತಾರೆ.

ನಾನು ಭಾರಿ ಜಾಣೆ ಅಲ್ವಾ... ಎರಡನೇ ಸಲ ಬಂದ ಸಾಲನ್ನ ಅಳಿಸಿಬಿಡುವ ಪ್ಯಾಚ್ ಕಳಿಸಿದೆ.

ಯಾವುದೋ ದೇಶದಲ್ಲಿ ಕೂತು ಆ ಕೋಡ್ ನೋಡಿಕೊಳ್ಳುವವರು ವಾಪಸ್ ಕಳಿಸಿದರು. ಮೇಲ್‌ನ ಕೊನೆಯ ಸಾಲು: ಇದು ರಿಪೇರಿ ಅಲ್ಲ, ಮುಚ್ಚಿಡೋದು.

ಅವಮಾನ ಆಯ್ತು. ದಿನಾ ಆ ಸಾಲನ್ನೇ ತೆಗೆದು ಓದುತ್ತಿದ್ದೆ. ಇನ್ನೊಂದು ಸಲ ಹಿಂಗಾದರೆ ಇದು ನನ್ನ ಕೈಲಾಗೋ ಕೆಲಸ ಅಲ್ಲ ಅಂತ ಬಿಟ್ಟುಬಿಡೋಣ ಅಂದುಕೊಂಡಿದ್ದೆ.

ಆಗ ಶ್ರಾವಣ. ಅತ್ತೆಯ ಕಣ್ಣಿಗೆ ಪೊರೆ ಬಂದಿತ್ತು. ಹಾಗಾಗಿ ಸಂಜೆ ಮಾವ ಪುರಾಣ ಓದುತ್ತಿದ್ದರು, ಅತ್ತೆ ಕೇಳುತ್ತಿದ್ದರು. ಎಲ್ಲಿಗೆ ನಿಂತಿತೋ ಅಲ್ಲಿಗೆ ಒಂದು ಕೆಂಪು ದಾರ.

ಅವತ್ತು ಮಾವ ಶುರು ಮಾಡಿದ್ದೇ ಅತ್ತೆ ತಡೆದರು. "ನಿನ್ನೆನೂ ಇದ ಸಾಲ ಓದಿದ್ರಿ."

"ಅಧ್ಯಾಯ ಮುಗದಿತ್ತು. ಮುಂದ ಸಾಲ ಇರಲಿಲ್ಲ, ದಾರ ಎಲ್ಲಿ ಇಡ್ಲಿ?"

"ಸಾಲ ಇರದಿದ್ರೂ ಹಾಳಿ ತಿರುವಿ ಮುಂದ ಇಡ್ರಿ. ಮುಗೀತಂತ ದಾರಕ್ಕೂ ತಿಳೀಬೇಕಲ್ರಿ!"

ಮೆಂತೆ ಸೋಸುತ್ತಿದ್ದವಳು ಎದ್ದೇ ಬಿಟ್ಟೆ.

ಕೋಡಿನಲ್ಲೂ ಅದೇ ಆಗಿತ್ತು! ಮುಂದೆ ಸಾಲಿದ್ದರೆ ಎಲ್ಲಿದ್ದೇವೆ ಅನ್ನೋ ನಂಬರ್ ಒಂದು ಹೆಚ್ಚುತ್ತಿತ್ತು. ಮುಗಿದರೆ ಮಾತ್ರ ನಂಬರ್ ಅಲ್ಲೇ ಉಳಿಯುತ್ತಿತ್ತು. ಮತ್ತೆ ಓದಲು ಹೋದರೆ ಸಿಗೋದು ಅದೇ ಕೊನೆಯ ಸಾಲು.

ನಂಬರ್ ಹೆಚ್ಚಿಸುವ ಕೋಡನ್ನ ಸ್ವಲ್ಪ ಮೇಲಕ್ಕೆ ತಂದೆ. ಮುಂದೆ ಏನಿರಲಿ, ಇಲ್ಲದಿರಲಿ, ಮೊದಲು ನಂಬರ್ ಸರಿಯಲಿ ಅಂತ. ಕೊನೆಯ ಸಾಲು ಒಂದೇ ಸಲ ಬಂತು. ಮತ್ತೆ ಪ್ಯಾಚ್ ಕಳಿಸಿದೆ.

ನಾಲ್ಕನೇ ದಿನ ಒಂದೇ ಸಾಲಿನ ಉತ್ತರ. ತಗೊಂಡಿದ್ದೇವೆ, ಥ್ಯಾಂಕ್ಸ್.

ಮನೆಗೆ ಓಡಿಬಂದು ಅತ್ತೆಗೆ ಓದಿ ಹೇಳಿದೆ. ಖುಷಿ ತಡೀಲಾರದೆ ಮತ್ತೊಮ್ಮೆ ಓದಿದೆ.

ಅತ್ತೆ ನಕ್ಕರು. "ಇದನ್ನ ಎರಡ ಸಲ ಓದಿದ್ರ ನಡಿತೈತಿ ತಗೋ, ಯವ್ವಾ."

ಆ ಹಳೆಯ ಮೇಲ್ ಮಾತ್ರ ನಾನು ಮತ್ತೆ ತೆಗೆಯಲಿಲ್ಲ. ನೀವು ಯಾವ ಮುಗಿದ ಸಾಲಿಗೆ ಇನ್ನೂ ದಾರ ಇಟ್ಟುಕೊಂಡು ಕೂತಿದ್ದೀರಿ?